ಬೆಳ್ಳಿ ಬಣ್ಣದ ಪುಲ್ಲಿ

ಸಮವಸ್ತ್ರದ ತೋಳಿಗೆ ಗುಂಡಿ ಹೊಲಿಯುವ ಕೆಲಸ ಅರ್ಧಕ್ಕೆ ಬಂದಿತ್ತು. ಅಂಗಿ ಬಿಚ್ಚುವಷ್ಟು ಪುರುಸೊತ್ತಿಲ್ಲದೆ ಇನ್‌ಸ್ಪೆಕ್ಟರ್ ಎಡಗೈಯನ್ನು ಮೇಜಿನ ಮೇಲೆ ಚಾಚಿ, ಬಲಗೈಯಿಂದ ಸೂಜಿ ಚುಚ್ಚುತ್ತಿದ್ದಳು. ಕೋಣೆಯ ಬಾಗಿಲನ್ನು ಅರ್ಧ ಮುಂದೆ ಮಾಡಿದ್ದಳು. ಮಹಿಳಾ ಪೇದೆ ನೋಡಿದರೆ "ಕೊಡಿ ಮೇಡಂ, ನಾನು ಹಾಕ್ತೀನಿ" ಎನ್ನುತ್ತಾಳೆ. ಆಮೇಲೆ ಆ ಹುಡುಗಿಗೆ ಇಂಥ ಕೆಲಸಗಳೇ ಗಂಟುಬೀಳುತ್ತವೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ತನಗೆ ಹಾಗೆ ಗಂಟುಬಿದ್ದ ಕೆಲಸಗಳು ಅವಳಿಗೆ ಚೆನ್ನಾಗಿ ನೆನಪಿದ್ದವು.

ದಾರವನ್ನು ಹಲ್ಲಿನಿಂದ ಕಡಿಯುವ ಹೊತ್ತಿಗೆ ದಫೇದಾರ್ ಬಾಗಿಲಲ್ಲಿ ನಿಂತು ಕೆಮ್ಮಿದ. ದೂರು ಕೊಡಲು ಒಬ್ಬ ಹೆಂಗಸು ಬಂದಿದ್ದಾಳೆ, ಕೂರಿಸಿದ್ದೇನೆ ಎಂದ.

ಮಾರ್ಚ್ ೧೯, ಬುಧವಾರ, ಬೆಳಿಗ್ಗೆ ೧೧.೫೦.

ಬಂದವಳು ಮರ ಕೊಯ್ಯುವ ಮಿಲ್ಲಿನ ಕೆಲಸಗಾರನೊಬ್ಬನ ಹೆಂಡತಿ. ಹಿಂದಿನ ದಿನ ಸಂಜೆ ನಾಲ್ಕೂ ಹತ್ತಕ್ಕೆ ಮಿಲ್ಲಿನ ಡೀಸೆಲ್ ಎಂಜಿನ್ನಿನ ಪುಲ್ಲಿ, ಅಂದರೆ ಬೆಲ್ಟು ಓಡಿಸುವ ಬೀಡುಕಬ್ಬಿಣದ ಚಕ್ರ, ಓಡುತ್ತಿದ್ದಂತೆಯೇ ಸಿಡಿದಿತ್ತು. ಅದರ ಚೂರೊಂದು ಅವಳ ಗಂಡನ ಬಲಗಾಲಿಗೆ ಬಡಿದಿತ್ತು. ಬೆಳಗಿನ ಜಾವ ಮೊಣಕಾಲಿನಿಂದ ಕೆಳಗೆ ಕಾಲು ತೆಗೆದಿದ್ದರು. ಇಷ್ಟನ್ನೂ ಅವಳು ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದಳು. ದನಿ ಏರಿದ್ದು ಆಮೇಲೆ, ಮಿಲ್ಲಿನ ಮಾಲೀಕ ಆಸ್ಪತ್ರೆಗೆ ಬಂದ ವಿಷಯ ಹೇಳುವಾಗ.

"ಅವರದೇ ಅಜಾಗರೂಕತೆ ಅಂತ ಕಾಗದ ಬರ್ಕೊಂಡು ಬಂದಿದ್ದ. ಇನ್ನೂ ಮತ್ತು ಇಳಿದಿರಲಿಲ್ಲ ಅವರಿಗೆ. ಹೆಬ್ಬೆಟ್ಟು ಹಿಡಿದು ಒತ್ತಿಸ್ಕೊಂಡು ಹೋದ, ಮೇಡಂ."

"ನೀವು ಎಲ್ಲಿದ್ರಿ?"

"ಔಷಧಿ ತರೋಕೆ ಹೋಗಿದ್ದೆ. ಬಂದು ನೋಡಿದ್ರೆ ಬೆರಳೆಲ್ಲ ಮಸಿ."

೧೨.೨೫ಕ್ಕೆ ಎಫ್‌ಐಆರ್ ದಾಖಲಾಯಿತು. ಆ ಹೆಂಗಸಿನ ಕೈಗೆ ಪ್ರತಿ ಕೊಡುವಾಗ ಇನ್‌ಸ್ಪೆಕ್ಟರ್ ಅವಳಿಗೆ ಅರ್ಥವಾಗುವಂತೆ ಒಂದೇ ಮಾತು ಹೇಳಿದಳು: ಚಕ್ರ ತಾನಾಗಿ ಸಿಡಿದದ್ದೋ, ನಿಮ್ಮ ಗಂಡನ ಕೈತಪ್ಪೋ, ಅದನ್ನು ಕಾಗದವಲ್ಲ, ಕಬ್ಬಿಣ ಹೇಳಬೇಕು.

ಒಂದೂವರೆಗೆ ಮಿಲ್ಲಿನಲ್ಲಿ ಸ್ಥಳ ಪಂಚನಾಮೆ. ಪಕ್ಕದ ಗುಜರಿ ಅಂಗಡಿಯವನೂ ಎದುರಿನ ಟೀ ಅಂಗಡಿಯವನೂ ಪಂಚರಾದರು. ಮರದ ಹೊಟ್ಟಿನಲ್ಲಿ ಕೈಯಾಡಿಸಿ ಐದು ಚೂರು ಹೆಕ್ಕಿ ತೆಗೆದರು. ಒಂದು ಚೂರು ಇಪ್ಪತ್ತು ಅಡಿ ದೂರದಲ್ಲಿ ಹಲಗೆಯ ಗೋಡೆಗೆ ನಾಟಿಕೊಂಡಿತ್ತು. ಚೂರುಗಳ ಹೊರಮೈಯೆಲ್ಲ ಬೆಳ್ಳಿಯಂತೆ ಥಳಥಳ. ಮಾಲೀಕ ಹೊಸ ಪುಲ್ಲಿ ಎಂದು ಆಣೆ ಮಾಡಿದ. ಮೂರು ವಾರದ ಹಿಂದೆ ಬಿಡಿಭಾಗದ ಅಂಗಡಿಯಿಂದ ತಂದದ್ದು, ಮಾರ್ಚ್ ಮೂರರಂದು ಕೂರಿಸಿದ್ದು.

"ಹೊಸದಾದ್ರೆ ಮುರಿದ ಜಾಗ ಯಾಕೆ ಇಷ್ಟು ಕಪ್ಪಾಗಿದೆ?" ಎಂದು ಕೇಳಿದ್ದು ಪೊಲೀಸರ ಜೊತೆ ಬಂದಿದ್ದ ಯಂತ್ರ ತಪಾಸಣೆಯ ಅಧಿಕಾರಿ. ತೆಳ್ಳಗಿನ ಮನುಷ್ಯ, ಮಾತು ಅಳೆದು ಆಡುವವನು. ಅವನು ಎರಡು ಚೂರು ಜೋಡಿಸಿ ತೋರಿಸಿದ. ಮುರಿದ ಅಂಚಿನಲ್ಲಿ ಅರ್ಧ ಭಾಗ ಹೊಸ ಕಬ್ಬಿಣದ ಬೂದು ಬಣ್ಣ. ಇನ್ನರ್ಧ ಹಳೆಯ ತುಕ್ಕು, ಅದರ ಮೇಲೆ ಗಟ್ಟಿಯಾದ ಮೆಟಲ್ ಪುಟ್ಟಿ. ಅಂದರೆ ಬಿರುಕು ಮೊದಲೇ ಇತ್ತು. ಯಾರೋ ನೋಡಿದ್ದರು, ತುಂಬಿದ್ದರು, ಮೇಲೆ ಬಣ್ಣ ಹೊಡೆದಿದ್ದರು.

"ಹಾಗಾದ್ರೆ ಆ ಕೆಲಸಗಾರನ ತಪ್ಪಿಲ್ಲ," ಎಂದಳು ಇನ್‌ಸ್ಪೆಕ್ಟರ್.

"ಅವನ ಜಾಗದಲ್ಲಿ ನೀವು ನಿಂತಿದ್ರೂ ಇದೇ ಆಗ್ತಿತ್ತು," ಎಂದ ಅಧಿಕಾರಿ.

ನಡುವಿನ ಚೂರಿನಲ್ಲಿ ಸ್ಕ್ರೂ ಹಾಕುವ ಎರಡು ತೂತುಗಳಿದ್ದವು. ಒಂದರಲ್ಲಿ ಸ್ಕ್ರೂ ಇತ್ತು. ಇನ್ನೊಂದನ್ನು ಮಿಲ್ಲಿನವರು ಬಳಸಿಯೇ ಇರಲಿಲ್ಲ; ಅದರೊಳಗೆ ಏನೋ ತುಂಬಿಕೊಂಡಿತ್ತು. ಬಣ್ಣ ಹೊಡೆಯುವಾಗ ಮರೆಗೆ, ಅಂದರೆ ತೂತಿನೊಳಗಿನ ಸ್ಕ್ರೂ ಗೆರೆಗಳಿಗೆ, ಬಣ್ಣ ಇಳಿಯದಿರಲಿ ಎಂದು ಗ್ರೀಸೋ ಮೇಣವೋ ತುಂಬುತ್ತಾರೆ, ಇದು ಒಣಗಿದ ಮೇಣವಿರಬೇಕು ಎಂದು ಅಧಿಕಾರಿ ಬರೆದುಕೊಂಡ. ಇನ್‌ಸ್ಪೆಕ್ಟರ್ ಟೂತ್‌ಪಿಕ್ಕಿನಿಂದ ಕೆದಕಿದಳು. ಒಂದು ಹರಳು ಉದುರಿತು. ಬೆರಳಲ್ಲಿ ತಿಕ್ಕಿದಳು. ಮೇಣವಾದರೆ ಜಾರಬೇಕು, ಇದು ಪುಡಿಯಾಯಿತು. ಮನೆಯಲ್ಲಿ ಹಿಟ್ಟು ನಾದಿದ ತಟ್ಟೆಯನ್ನು ತೊಳೆಯದೆ ಬಿಟ್ಟರೆ ಅಂಚಿನಲ್ಲಿ ಕಟ್ಟುವ ಗಟ್ಟಿ ಹಕ್ಕಳೆ ಹೀಗೆಯೇ ಪುಡಿಯಾಗುತ್ತದೆ. ಅದನ್ನು ಉಗುರಿನಲ್ಲಿ ಕೆರೆದು ತೆಗೆಯುವುದು ಅವಳ ದಿನನಿತ್ಯದ ಕೆಲಸ.

"ಇದು ಹಿಟ್ಟು," ಎಂದಳು.

ದಫೇದಾರ್ ಬಗ್ಗಿ ನೋಡಿದ. "ಪುಲ್ಲಿಗೂ ಹಸಿವಾಗಿತ್ತೇನೋ ಮೇಡಂ" ಎಂದ. ಯಾರೂ ನಗಲಿಲ್ಲ. ಅವನೇ ಚೀಟಿ ಅಂಟಿಸಿ, ಅರಗು ಕಾಯಿಸಿ ಮುದ್ರೆ ಒತ್ತಿದ.

ವರ್ಕ್‌ಶಾಪಿನಲ್ಲಿ ಯಾವ ಗಂಡಸೂ ಮರೆಗೆ ಹಿಟ್ಟು ತುಂಬುವುದಿಲ್ಲ, ಅವನ ಕೈಗೆ ಎಟುಕುವುದು ಗ್ರೀಸ್. ಈ ಬಣ್ಣ ಹೊಡೆದದ್ದು ಮನೆಯಲ್ಲಿ, ಅಡುಗೆ ಮಾಡುವ ಕೈ. ಜೀಪು ಹತ್ತುವಾಗ ಇನ್‌ಸ್ಪೆಕ್ಟರಿಗೆ ಇಷ್ಟು ಖಚಿತವಾಗಿತ್ತು. ಬೇಗ ಹೊಳೆಯಿತೆಂಬ ಸಣ್ಣ ಹೆಮ್ಮೆಯೂ ಇತ್ತು.

ಮಾರ್ಚ್ ೨೦, ಗುರುವಾರ, ಬೆಳಿಗ್ಗೆ ೧೦.೪೦. ಬಿಡಿಭಾಗದ ಅಂಗಡಿಯವನನ್ನು ಬೀದಿಯಲ್ಲೆಲ್ಲ ಬೋಲ್ಟ್ ಸಾಹುಕಾರ ಎನ್ನುತ್ತಿದ್ದರು. ಮಾಲು ಕಂಪನಿಯಿಂದ ಪೆಟ್ಟಿಗೆಯಲ್ಲಿ ಸೀಲಾಗಿ ಬರುತ್ತದೆ ಎಂದು ಅವನು ಶುರುಮಾಡಿದ. ಯಾವ ಕಂಪನಿಯವರು ತೂತಿಗೆ ಹಿಟ್ಟು ತುಂಬಿ ಕಳಿಸುತ್ತಾರೆ ಎಂದು ಇನ್‌ಸ್ಪೆಕ್ಟರ್ ಕೇಳಿದಳು. ಅವನು ಒಮ್ಮೆ ದಫೇದಾರನ ಮುಖ ನೋಡಿದ, ಒಮ್ಮೆ ತನ್ನ ಕಪಾಟಿನ ಮುಖ ನೋಡಿದ. ಆಮೇಲೆ ಕೂತ.

ಗುಜರಿಯಿಂದ ಹಳೆಯ ಎಂಜಿನ್ ಭಾಗಗಳನ್ನು ತರುವುದು, ಅವಕ್ಕೆ ಬಣ್ಣ ಹೊಡೆಸಿ ಹೊಸದೆಂದು ಮಾರುವುದು, ಎಲ್ಲ ಒಪ್ಪಿಕೊಂಡ. ಆದರೆ ಬಿರುಕುಬಿಟ್ಟ ಮಾಲು ತನ್ನ ಅಂಗಡಿಗೆ ಬಂದದ್ದೇ ಇಲ್ಲವೆಂದ. ಗಂಟೆ ಮೇಸ್ತ್ರಿ ಪಾಸು ಮಾಡದೆ ಒಂದು ನಟ್ಟೂ ಹೊರಗೆ ಹೋಗುವುದಿಲ್ಲವಂತೆ.

"ಯಾರು ಗಂಟೆ ಮೇಸ್ತ್ರಿ?"

"ಮೂವತ್ತು ವರ್ಷ ಫೌಂಡ್ರಿಲಿ ಇದ್ದೋರು. ಎರಕದ ಮಾಲನ್ನ ತೂಗುಹಾಕಿ ಒಂದೇಟು ಹಾಕ್ತಾರೆ. ಚೆನ್ನಾಗಿದ್ರೆ ಗಂಟೆ ಥರ ಠಣ್ ಅನ್ನುತ್ತೆ, ಒಳಗೆ ಕೂದಲೆಳೆಯಷ್ಟು ಬಿರುಕಿದ್ರೂ ಡಬ್ ಅನ್ನುತ್ತೆ. ಅವರ ಕಿವಿ ತಪ್ಪಿದ್ದೇ ಇಲ್ಲ. ಈ ಪುಲ್ಲಿನೂ ನನ್ನ ಎದುರಿಗೇ ಹೊಡೆದು ಪಾಸು ಮಾಡಿದ್ರು. ಫೆಬ್ರವರಿ ಇಪ್ಪತ್ತೆರಡು, ಶನಿವಾರ. ಪೇಂಟ್ ಹೊಡೆಯೋದು ಅವರ ಹೆಂಡತಿ."

"ಅವರು ಹೊಡೆದಾಗ ಹೇಗೆ ಸದ್ದಾಯ್ತು?"

ಸಾಹುಕಾರ ತಲೆ ಕೆರೆದುಕೊಂಡ. "ನನಗೇನು ಗೊತ್ತಾಗುತ್ತೆ ಮೇಡಂ. ನಾನು ಅವರ ಮುಖ ನೋಡ್ತಿದ್ದೆ."

ಮೇಸ್ತ್ರಿಯ ಮನೆ ಎರಡು ಕೋಣೆಯದು. ಹಿಂದಿನ ಜಗಲಿಯೇ ಕಾರ್ಖಾನೆ. ಹನ್ನೆರಡಕ್ಕೆ ಪೊಲೀಸರು ಹೋದಾಗ ಆತನ ಹೆಂಡತಿ ಒಂದು ಗೇರ್‌ಪೆಟ್ಟಿಗೆಯ ಮುಚ್ಚಳಕ್ಕೆ ಬ್ರಷ್ ಎಳೆಯುತ್ತಿದ್ದಳು. ಸೀಮೆಎಣ್ಣೆಯ ಡಬ್ಬ, ತಂತಿ ಬ್ರಷ್ಷು, ಮರಳು ಕಾಗದ, ಕೆಂಪು ಪ್ರೈಮರ್, ಸಿಲ್ವರ್ ಪೇಂಟ್. ಬಣ್ಣ ಗಟ್ಟಿಯಾಗಲು ಅರ್ಧ ಗಂಟೆ ಇಡುತ್ತಿದ್ದ ಹಳೆಯ ಓವನ್, ಅದರ ಪಕ್ಕದಲ್ಲಿ ಬಟ್ಟಲಲ್ಲಿ ನಾದಿದ ಹಿಟ್ಟಿನ ಉಂಡೆ, ಒದ್ದೆ ಬಟ್ಟೆ ಮುಚ್ಚಿದ್ದು. ಎಲ್ಲವೂ ತೊಳೆದಿಟ್ಟ ಪಾತ್ರೆಗಳಷ್ಟು ಓರಣ. ಹೊಡೆದ ಬಣ್ಣದಲ್ಲಿ ಬ್ರಷ್ಷಿನ ಗೆರೆ ಒಂದೂ ಕಾಣುತ್ತಿರಲಿಲ್ಲ. ಬಿಸಿಲಿಗೆ ತೂಗುಹಾಕಿದ ಭಾಗಗಳು ಬೆಳ್ಳಿ ಸಾಮಾನಿನಂತೆ ಹೊಳೆಯುತ್ತಿದ್ದವು.

ಆಕೆ ಎದ್ದು ನಿಂತಳು. ಐವತ್ತರ ಆಚೆಯ ಹೆಂಗಸು. ಇನ್‌ಸ್ಪೆಕ್ಟರನ್ನು ಗುರುತಿಸಿದವಳಂತೆ ಒಂದು ಕ್ಷಣ ನೋಡಿ ಕಣ್ಣು ಕೆಳಗಿಳಿಸಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡರೂ ಉಗುರುಗಳ ಬುಡದಲ್ಲಿ ಬೆಳ್ಳಿ ಬಣ್ಣ ಉಳಿದೇ ಇತ್ತು. ಈ ಉಗುರುಗಳನ್ನು ಎಲ್ಲಿಯೋ ನೋಡಿದ್ದೇನೆ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಎಲ್ಲಿ ಎಂಬುದು ಹೊಳೆಯಲಿಲ್ಲ.

ಮೇಸ್ತ್ರಿ ಒಳಗಿನಿಂದ ಬಂದು ಎಲ್ಲರಿಗೂ ಸ್ಟೂಲು ಹಾಕಿಸಿದ. ಒಗೆದ ಅಂಗಿ, ನೀಟಾಗಿ ಬಾಚಿದ ಬಿಳಿ ಕೂದಲು. ದಫೇದಾರ್ ಕೇಳಿದ ಮೊದಲ ಎರಡು ಪ್ರಶ್ನೆಗೆ ಆಕೆಯೇ ಉತ್ತರ ಕೊಟ್ಟಳು. ಮೂರನೆಯದನ್ನು ಆಕೆ ಗಂಡನ ಎದುರಿಗೆ ಬಂದು, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಮತ್ತೊಮ್ಮೆ ಹೇಳಿದಳು. ಅವನು ತಲೆದೂಗಿದ.

"ಬಣ್ಣ ಅವಳದು, ಪಾಸು ಮಾಡೋದು ನನ್ನದು," ಎಂದ. "ಏನಿದ್ರೂ ನನ್ನ ಕೇಳಿ."

ಅಷ್ಟರಲ್ಲಿ ಹಿತ್ತಲಲ್ಲಿ ಹುಡುಕುತ್ತಿದ್ದ ಮಹಿಳಾ ಪೇದೆ ಕರೆದಳು. ತಗಡಿನ ಕೆಳಗೆ, ಗೋಣಿಚೀಲ ಹೊದಿಸಿ, ಹದಿನಾಲ್ಕು ಭಾಗಗಳನ್ನು ಬಚ್ಚಿಟ್ಟಿದ್ದರು. ಬಣ್ಣ ಹೊಡೆದಿರಲಿಲ್ಲ. ದಫೇದಾರ್ ಅವುಗಳಲ್ಲಿ ಒಂದನ್ನು, ಕೈಯಗಲದ ಒಂದು ಚಕ್ರವನ್ನು, ಏನೆಂದು ನೋಡದೆಯೇ ಎತ್ತಿ ತಂದ. ಕೆಲಸ ಗೊತ್ತಿದ್ದವರ ಕೈಚಳಕ ನೋಡುವುದು ಅವನಿಗೆ ಇಷ್ಟ.

"ಒಳ್ಳೇದು ಕೆಟ್ಟದ್ದು ಹೇಗೆ ಹೇಳ್ತೀರಿ ಮೇಸ್ತ್ರಿ? ಒಂದ್ಸಲ ತೋರಿಸಿ."

"ಅದು ಬೇಡ," ಎಂದಳು ಆಕೆ. ಆದರೆ ಮೇಸ್ತ್ರಿ ಚಕ್ರವನ್ನು ಆಗಲೇ ಕೈಗೆ ತೆಗೆದುಕೊಂಡಿದ್ದ. ಕೊಕ್ಕೆಗೆ ತಂತಿಯಿಂದ ತೂಗುಹಾಕಿದ. ತಿರುಗುವುದು ನಿಲ್ಲಲೆಂದು ಕಾದ. ಸಣ್ಣ ಸುತ್ತಿಗೆ ತೆಗೆದುಕೊಂಡು, ತಲೆಯನ್ನು ಪಕ್ಕಕ್ಕೆ ವಾಲಿಸಿ, ಕಣ್ಣು ಮುಚ್ಚಿ ಒಂದೇಟು ಹಾಕಿದ.

ಡಬ್.

ಜಗಲಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಒದ್ದೆ ಮರಕ್ಕೆ ಹೊಡೆದಂಥ ಸತ್ತ ಸದ್ದು. ಮೇಸ್ತ್ರಿ ಹಾಗೆಯೇ ಕಣ್ಣು ಮುಚ್ಚಿ ನಿಂತಿದ್ದ, ದೂರ ಹೋಗುತ್ತಿರುವ ಏನನ್ನೋ ಕೊನೆಯವರೆಗೆ ಕೇಳುವವನಂತೆ. ಆಮೇಲೆ ಕಣ್ಣು ತೆರೆದು ನಕ್ಕ.

"ಕೇಳಿದ್ರಾ? ಒಳ್ಳೆ ಮಾಲು."

ಮಾತಿಗೆ ಎಂದೂ ತಡಬಡಿಸದ ದಫೇದಾರ್ ತನ್ನ ಬೂಟಿನ ತುದಿ ನೋಡತೊಡಗಿದ. ಮಹಿಳಾ ಪೇದೆ ಗೋಡೆಯ ಕಡೆ ತಿರುಗಿದಳು. ಮೇಸ್ತ್ರಿಯ ಹೆಂಡತಿ ಬಣ್ಣದ ಡಬ್ಬದ ಮುಚ್ಚಳವನ್ನು ಒತ್ತಿ ಮುಚ್ಚುತ್ತಿದ್ದಳು. ಅದು ಆಗಲೇ ಮುಚ್ಚಿತ್ತು. ಮುದುಕ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಕಾಯುತ್ತಿದ್ದ. ಯಾರಾದರೂ ಏನಾದರೂ ಹೇಳಲೇಬೇಕಿತ್ತು.

"ಚೆನ್ನಾಗಿದೆ ಮೇಸ್ತ್ರಿ," ಎಂದಳು ಇನ್‌ಸ್ಪೆಕ್ಟರ್, ದನಿಯೇರಿಸಿ. ಹೇಳಿದ ಕೂಡಲೇ ಕಿವಿಯ ತನಕ ಬಿಸಿಯಾಯಿತು. ಒಬ್ಬ ಮನುಷ್ಯನ ಬಟ್ಟೆಯನ್ನು ಎಲ್ಲರೂ ಸೇರಿ ಎಳೆದುಹಾಕಿದ ಹಾಗಿತ್ತು. ಎಳೆದದ್ದೇ ಅವನಿಗೆ ಗೊತ್ತಿರಲಿಲ್ಲ.

ಜಪ್ತಿ ಪಂಚನಾಮೆ ಮುಗಿಯುವಾಗ ಎರಡು ಗಂಟೆ. ಹದಿನಾಲ್ಕು ಭಾಗಗಳಲ್ಲೂ ಬಿರುಕಿತ್ತು. ಪ್ರತಿ ಬಿರುಕಿನ ಸುತ್ತ, ಹತ್ತಿರದಿಂದ ನೋಡಿದರಷ್ಟೇ ಕಾಣುವಂತೆ, ಸೀಮೆಸುಣ್ಣದಲ್ಲಿ ಒಂದು ಸಣ್ಣ ಸುತ್ತು ಎಳೆದಿತ್ತು. ಯಾರು ಎಳೆದದ್ದು ಎಂದು ಪಂಚರ ಎದುರು ಕೇಳಿದಾಗ ಆಕೆ ತಾನೇ ಎಂದಳು. ಗೇರ್‌ಪೆಟ್ಟಿಗೆಯ ಮುಚ್ಚಳ ಒಣಗಲು ಇನ್ನೂ ಹತ್ತು ನಿಮಿಷ ಬೇಕು, ಅದನ್ನು ಒಳಗಿಟ್ಟು ಬರಲೇ ಎಂದು ಕೇಳಿದಳು. ಗಂಡನ ಕಡೆ ತಿರುಗಿ, ಏನೋ ಕಾಗದಕ್ಕೆ ಸಹಿ ಹಾಕಿ ಬರುತ್ತೇನೆ, ಊಟ ಒಲೆಯ ಪಕ್ಕದಲ್ಲಿದೆ ಎಂದು ತುಟಿ ತೆರೆದು ಹೇಳಿದಳು. ಪಕ್ಕದ ಮನೆಯವಳನ್ನು ಕರೆದು ಕೂರಿಸಿದಳು.

ಠಾಣೆಯಲ್ಲಿ, ಮಹಿಳಾ ಪೇದೆಯ ಎದುರಿನಲ್ಲಿ, ೩.೦೫ಕ್ಕೆ ಹೇಳಿಕೆ ಶುರುವಾಯಿತು.

"ಪುಟ್ಟಿ ತುಂಬಿದ್ದು?"

"ನಾನೇ."

"ಬಿರುಕು ಇದೆ ಅಂತ ಗೊತ್ತಿತ್ತು."

"ಅವರು ಹೊಡೆದಾಗಲೇ ಗೊತ್ತಾಯ್ತು."

ಮಿಕ್ಕದ್ದನ್ನು ಆಕೆ ತುಂಡು ತುಂಡಾಗಿ ಹೇಳಿದಳು. ಎರಡು ವರ್ಷದಿಂದ ಗಂಡನಿಗೆ ಕಿವಿ ಕೇಳುವುದಿಲ್ಲ. ಮೊದಲು ಬಾಗಿಲು ಬಡಿದದ್ದು, ಆಮೇಲೆ ನಲ್ಲಿಯ ನೀರು, ಆಮೇಲೆ ಆಕೆಯ ದನಿ. ಅವನು ಹೇಳಲಿಲ್ಲ, ಆಕೆ ಕೇಳಲಿಲ್ಲ. ವರ್ಷಗಟ್ಟಲೆ ಜಗಲಿಯಲ್ಲಿ ಆ ಸದ್ದು ಕೇಳಿ ಕೇಳಿ ಆಕೆಯ ಕಿವಿಯೂ ಪಳಗಿತ್ತು. ಅವನು ಪಾಸು ಮಾಡಿದ ಮಾಲಿನಲ್ಲಿ ಡಬ್ ಎಂದದ್ದನ್ನು ಆಕೆ ಆಮೇಲೆ ಹಿತ್ತಲಿಗೆ ಒಯ್ದು ಬಚ್ಚಿಡುತ್ತಿದ್ದಳು, ಸಾಹುಕಾರನಿಗೆ ತುಕ್ಕು ಹಿಡಿದು ಕೆಟ್ಟಿತೆಂದು ಹೇಳುತ್ತಿದ್ದಳು. ಹದಿನಾಲ್ಕು ಸಲ ಹಾಗೆ ನಡೆದಿತ್ತು. ಹದಿನೈದನೆಯ ಸಲ ಸಾಹುಕಾರ ಜಗಲಿಯಲ್ಲೇ ಕೂತಿದ್ದ. ಗಂಡ ಅವನ ಎದುರಿಗೇ ಹೊಡೆದು, ಒಳ್ಳೆ ಮಾಲು ಎಂದ. ಸಂಜೆಗೆ ಬೇಕು, ಬಣ್ಣವಾಗುವ ತನಕ ಇಲ್ಲೇ ಇರುತ್ತೇನೆ ಎಂದ ಸಾಹುಕಾರ.

"ಇದು ಬೇಡ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದ. ಯಜಮಾನ್ರ ಎದುರಿಗೆ ಏನು ಹೇಳಲಿ? ಸೋಮವಾರ ಹೋಗಿ, ಬಣ್ಣ ಸರಿ ಹಿಡಿದಿಲ್ಲ ಅಂತ ವಾಪಸ್ ತಂದ್ರಾಯ್ತು ಅಂದ್ಕೊಂಡೆ. ಹೋಗೋ ಹೊತ್ತಿಗೆ ಮಾರಿಬಿಟ್ಟಿದ್ದ. ಯಾರಿಗೆ ಅಂತ ಕೇಳಿದ್ರೆ, ನಿನಗ್ಯಾಕಮ್ಮ ಅಂದ."

ಪೇದೆಯ ಪೆನ್ನು ನಿಂತಿತು. ಆಕೆ ಮುಂದಕ್ಕೆ ಬಾಗಿದಳು.

"ದುಡ್ಡಿನಾಸೆಗೆ ಮಾಡಿದೆ ಅಂತ ಬರೀರಿ ಮೇಡಂ. ಅವರ ಕಿವಿ ವಿಷಯ ಬೇಡ. ನನಗೆ ಗೊತ್ತಿದೆ ಅಂತ ಅವರಿಗೆ ಗೊತ್ತಿಲ್ಲ. ನಮ್ಮಿಬ್ಬರಲ್ಲಿ ಆ ಮಾತು ಇನ್ನೂ ಬಂದಿಲ್ಲ."

"ಬರೀದೆ ಇರೋಕಾಗಲ್ಲ," ಎಂದಳು ಇನ್‌ಸ್ಪೆಕ್ಟರ್. "ಒಬ್ಬನ ಕಾಲು ಹೋಗಿದೆ. ನಿಮ್ಮ ಗಂಡನ ಮರ್ಯಾದೆ ಉಳಿಸೋಕೆ ಅವನ ಕಾಲು ಕೊಟ್ರಿ." ಮಾತು ಬೇಕಾದ್ದಕ್ಕಿಂತ ಗಡುಸಾಗಿತ್ತು. ಜಗಲಿಯಲ್ಲಿ ಆಡಿದ ಸುಳ್ಳು ಇನ್ನೂ ಬಾಯಲ್ಲಿತ್ತು. "ಮೂರು ವಾರ ಇತ್ತು. ಯಾರಿಗಾದ್ರೂ ಒಂದು ಮಾತು ಹೇಳಬಹುದಿತ್ತಲ್ಲ?"

ಆಕೆ ಪೇದೆಯ ಕಡೆ ನೋಡಿದಳು, ಅವಳ ಎದುರು ಹೇಳಬೇಕೋ ಬೇಡವೋ ಎಂಬಂತೆ.

"ಇಲ್ಲಿಗೆ ಬಂದಿದ್ದೆ," ಎಂದಳು. "ಆ ಸೋಮವಾರದ ಮರುದಿನ, ಮಂಗಳವಾರ. ನೀವು ಊಟಕ್ಕೆ ಹೊರಟಿದ್ರಿ."

ಉಗುರುಗಳು ಆಗ ನೆನಪಾದವು. ಠಾಣೆಯ ಮೆಟ್ಟಿಲ ಮೇಲೆ, ಕಂಬ ಹಿಡಿದುಕೊಂಡಿದ್ದ ಉಗುರುಗಳು. ಅಂಗಡಿಯವನು ಒಂದು ಕಬ್ಬಿಣದ ಸಾಮಾನು ಮಾರಿದ್ದಾನೆ, ಯಾರು ಕೊಂಡರು ಎಂದು ನೀವು ಕೇಳಿದರೆ ಹೇಳುತ್ತಾನೆ ಎಂದು ಆಕೆ ಏನೋ ತೊದಲಿದ್ದಳು. ಯಾಕೆ ಬೇಕು ಎಂದರೆ ಹೇಳಲಿಲ್ಲ. ಇನ್‌ಸ್ಪೆಕ್ಟರ್ ನಿಲ್ಲಲೂ ಇಲ್ಲ. ಅಂಗಡಿಯವನ ಹತ್ತಿರ ಜಗಳವಿದ್ದರೆ ಅಲ್ಲೇ ಬಗೆಹರಿಸಿಕೊಳ್ಳಿ ಎಂದಿದ್ದಳು. ಜೀಪಿನ ಕಡೆ ನಡೆಯುತ್ತ ದಫೇದಾರನಿಗೆ, "ಉಗುರಿಗೆ ಬೆಳ್ಳಿ ಬಳ್ಕೊಂಡು ಬಂದಿದ್ದಾಳೆ, ಎಲ್ಲಿಯ ಮಹಾರಾಣಿ ಇವಳು" ಎಂದಿದ್ದಳು. ದಫೇದಾರ್ ನಕ್ಕಿದ್ದ. ಅವಳೂ ನಕ್ಕಿದ್ದಳು. ಆಕೆ ಇನ್ನೂ ಮೆಟ್ಟಿಲ ಮೇಲೇ ಇದ್ದಳು.

ಅಂದು ಎರಡು ನಿಮಿಷ ನಿಂತು ಕೇಳಿದ್ದರೆ ಸಾಕಿತ್ತು. ಪುಲ್ಲಿಯನ್ನು ಮಿಲ್ಲಿನವರು ಕೂರಿಸಲು ಇನ್ನೂ ಆರು ದಿನವಿತ್ತು.

"ಕೇಳಿಸಿತ್ತಾ?" ಎಂದು ಇನ್‌ಸ್ಪೆಕ್ಟರ್ ಕೇಳಿದಳು. ಏನು ಎಂದು ಹೇಳಲಿಲ್ಲ.

"ನನ್ನ ಕಿವಿ ಚೆನ್ನಾಗಿದೆ ಮೇಡಂ," ಎಂದಳು ಆಕೆ. ಅದರಲ್ಲಿ ಕುಹಕವಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಅಷ್ಟೇ.

ಹಳೆಯ ಮಾಲನ್ನು ಹೊಸದೆಂದು ಮಾರಿದ ವಂಚನೆಗೆ ಬೋಲ್ಟ್ ಸಾಹುಕಾರ ಒಂದನೆಯ ಆರೋಪಿ. ಬಿರುಕು ಗೊತ್ತಿದ್ದೂ ಮುಚ್ಚಿ, ತೀವ್ರ ಗಾಯಕ್ಕೆ ಕಾರಣಳಾದದ್ದಕ್ಕೆ ಮೇಸ್ತ್ರಿಯ ಹೆಂಡತಿ ಎರಡನೆಯ ಆರೋಪಿ. ೪.೪೦ಕ್ಕೆ ಬಂಧನದ ಕಾಗದಕ್ಕೆ ಆಕೆ ಸಹಿ ಹಾಕಿದಳು. ಅಕ್ಷರ ದುಂಡಗೆ, ಬಣ್ಣ ಹೊಡೆದಷ್ಟೇ ಅಚ್ಚುಕಟ್ಟು. ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂಬ ಕಾಲಂ ಬಂದಾಗ ಮಾತ್ರ ಪೆನ್ನು ಕೆಳಗಿಟ್ಟಳು. ಫೋನು ಮಾಡಿದರೆ ಅವರಿಗೆ ಕೇಳುವುದಿಲ್ಲ ಎಂದಳು. ಮಹಿಳಾ ಪೇದೆ ತಾನೇ ಹೋಗಿ ಎದುರು ನಿಂತು ಹೇಳಿ ಬರುತ್ತೇನೆಂದು ಟೋಪಿ ತೆಗೆದುಕೊಂಡು ಹೊರಟಳು.

ಐದೂವರೆಗೆ ದಫೇದಾರ್ ಕಡತ ಜೋಡಿಸಿ ತಂದ. ಎರಡೇ ದಿನದಲ್ಲಿ ಕೇಸು ಮುಗಿಯಿತು, ಇಷ್ಟು ಸಲೀಸಾದ ಕೇಸು ಈ ವರ್ಷ ಇದೇ ಮೊದಲು ಎಂದ. ಅವನಿಗೂ ಆ ಮಂಗಳವಾರ ನೆನಪಿತ್ತೋ ಇಲ್ಲವೋ, ಮುಖದಿಂದ ತಿಳಿಯುವಂತಿರಲಿಲ್ಲ. ಆಕೆಯ ಹೇಳಿಕೆಯ ಕೊನೆಯ ಸಾಲು, ಠಾಣೆಗೆ ಬಂದಿದ್ದೆ ಎಂಬುದು, ಕೇಸಿಗೆ ಅಷ್ಟು ಸಂಬಂಧವಿಲ್ಲ, ಬೇಕಾದರೆ ಹಾಳೆ ಬದಲಿಸಿ ಬರೆಸಬಹುದು ಎಂದು ಮಾತ್ರ ಮೆಲ್ಲಗೆ ಅಂದ.

"ಇರಲಿ," ಎಂದಳು ಇನ್‌ಸ್ಪೆಕ್ಟರ್. "ನೀವು ಹೊರಡಿ."

ಅವನು ಹೋದ ಮೇಲೆ ಅವಳು ಸಂದರ್ಶಕರ ಪುಸ್ತಕ ತೆಗೆದು ಫೆಬ್ರವರಿ ೨೫ರ ಪುಟ ಹುಡುಕಿದಳು. ಮಧ್ಯಾಹ್ನ ೧.೧೫. ಒಬ್ಬ ಹೆಂಗಸು. ಅಂಗಡಿ ಜಗಳ. ಬುದ್ಧಿ ಹೇಳಿ ಕಳಿಸಲಾಯಿತು. ಪಕ್ಕದಲ್ಲಿ ಅವಳದೇ ಚಿಕ್ಕ ಸಹಿ.

ಅವಳ ಗಂಡನ ಫೋನು ಬಂತು. ಎಷ್ಟು ಹೊತ್ತಿಗೆ ಬರ್ತೀಯ ಎಂದು ಕೇಳಿದ, ದನಿ ಒಂಥರಾ ಇದೆಯಲ್ಲ ಎಂದ. ದೂಳು ಎಂದಳು. ಸ್ವಲ್ಪ ತಡವಾಗುತ್ತದೆ ಎಂದಳು.

ಆಮೇಲೆ ಎರಡು ಹಾಳೆ ತೆಗೆದುಕೊಂಡಳು. ಮೊದಲನೆಯದು ಮೇಲಧಿಕಾರಿಗೆ, ಈ ಪ್ರಕರಣದ ತನಿಖೆಯನ್ನು ಬೇರೆಯವರಿಗೆ ವಹಿಸಬೇಕೆಂದು. ಎರಡನೆಯದು ಸಾಕ್ಷಿಗಳ ಪಟ್ಟಿ. ಮಿಲ್ಲಿನ ಕೆಲಸಗಾರ, ಅವನ ಹೆಂಡತಿ, ಯಂತ್ರ ತಪಾಸಣೆಯ ಅಧಿಕಾರಿ, ನಾಲ್ವರು ಪಂಚರು, ಏಳು ಜನ ಆಗಿದ್ದರು. ಎಂಟು ಎಂದು ಬರೆದು, ಅದರ ಮುಂದೆ ತನ್ನ ಹೆಸರು ಬರೆದಳು.